ಅಕ್ಕಿ ಗಂಜಿಯ ಹದ

ಕೆಸರೆ, ಮೈಸೂರು
11 ಆಗಸ್ಟ್ 2023

ಶ್ರೀ ಹುಚ್ಚಯ್ಯನವರಿಗೆ ನಮಸ್ಕಾರಗಳು.

ನಿಮಗೆ ನನ್ನ ಪರಿಚಯವಿಲ್ಲ. ನನ್ನ ಹೆಸರು ಸಂಘಮಿತ್ರ. ಇಲ್ಲಿಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಎಂ.ಫಾರ್ಮ್ ಎರಡನೇ ವರ್ಷ ಓದುತ್ತಿದ್ದೇನೆ. ನೀವು ಮೂವತ್ತೆರಡು ವರ್ಷ ದುಡಿದ ಮಾತ್ರೆ ಕಾರ್ಖಾನೆ ಮುಚ್ಚಿದಾಗ, ಅಲ್ಲಿಯ ಹಳೆಯ ಮಾತ್ರೆ ಒತ್ತುವ ಯಂತ್ರವೊಂದನ್ನೂ ಮೂರು ಪೆಟ್ಟಿಗೆ ದಾಖಲೆ ಪುಸ್ತಕಗಳನ್ನೂ ನಮ್ಮ ಕಾಲೇಜಿಗೆ ಕೊಟ್ಟಿದ್ದರಂತೆ. ಪೆಟ್ಟಿಗೆಗಳನ್ನು ಇಷ್ಟು ವರ್ಷ ಯಾರೂ ಬಿಚ್ಚಿರಲಿಲ್ಲ. ಯಂತ್ರದ ಒಂದು ಬಿಡಿಭಾಗದ ವಿವರ ಹುಡುಕುತ್ತಾ ಹೋದ ತಿಂಗಳು ನಾನು ಬಿಚ್ಚಿದೆ.

ಮಾತ್ರೆಯಲ್ಲಿ ಔಷಧವೊಂದೇ ಇರುವುದಿಲ್ಲ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಪುಡಿಯನ್ನು ಹಿಡಿದು ಕೂಡಿಸುವುದಕ್ಕೂ ಗಂಜಿಯಾಗಿ ಕಾಯಿಸಿದ ಸ್ಟಾರ್ಚ್ ಬೇಕು, ಹೊಟ್ಟೆಗೆ ಹೋದ ಮೇಲೆ ಮಾತ್ರೆ ಒಡೆಯುವುದಕ್ಕೂ ಸ್ಟಾರ್ಚ್ ಬೇಕು. ಸಾಮಾನ್ಯವಾಗಿ ಅದು ಮೆಕ್ಕೆಜೋಳದ್ದು. ನಮ್ಮ ಸುತ್ತಮುತ್ತ ಬೆಳೆಯುವ ಭತ್ತದಿಂದ ತೆಗೆದ ಸ್ಟಾರ್ಚ್ ಈ ಕೆಲಸಕ್ಕೆ ಒದಗುತ್ತದೆಯೇ ಎಂದು ಪರೀಕ್ಷಿಸುವುದು ನನ್ನ ಸಂಶೋಧನೆ. ರಾಜಮುಡಿ, ರತ್ನಚೂಡಿ, ಜಯ ಎಂಬ ಮೂರು ತಳಿಗಳನ್ನು ಆರಿಸಿಕೊಂಡಿದ್ದೇನೆ.

1994ರ ಜುಲೈ ತಿಂಗಳ ಪುಸ್ತಕದಲ್ಲಿ ಒಂದು ಪುಟ ಕಂಡಿತು. “ಮೆಕ್ಕೆಜೋಳ ಬಂದಿಲ್ಲ. ಅಕ್ಕಿ ಸ್ಟಾರ್ಚ್. ಗಂಜಿ: ಹುಚ್ಚಯ್ಯ. ಗಡಸು ಸರಿ. ಒಡೆಯಲು ನಾಲ್ಕು ನಿಮಿಷ.” ಅದರ ಮೇಲೆ ಕೆಂಪು ಶಾಯಿಯ ಅಡ್ಡಗೀಟು. ಮುಂದಿನ ಎರಡು ಪುಟ ಹರಿದಿವೆ.

ಆ ದಿನ ಗಂಜಿಯನ್ನು ಹೇಗೆ ಕಾಯಿಸಿದಿರಿ? ಎಷ್ಟು ನೀರು, ಎಷ್ಟು ಕಾವು? ನಿಮ್ಮ ವಿಳಾಸವನ್ನು ನಿವೃತ್ತ ಕಾರ್ಮಿಕರ ಸಂಘದವರು ಕೊಟ್ಟರು. ನನ್ನ ಫೋನ್ ನಂಬರನ್ನು ಕೆಳಗೆ ಬರೆದಿದ್ದೇನೆ.

ವಿಶ್ವಾಸದಿಂದ,
ಸಂಘಮಿತ್ರ

*

ತಿಪಟೂರು
24-8-2023

ಕಾಲೇಜಿನ ಮೇಡಂ ಅವರಿಗೆ,

ನಿಮ್ಮ ಕಾಗದ ಬಂತು. ಆ ಪುಟದ ವಿಷಯ ನನಗೆ ನೆನಪಿಲ್ಲ. ಗಂಜಿ ಕಾಯಿಸುವವರು ಮೂವರಿದ್ದೆವು. ನನ್ನ ಹೆಸರನ್ನು ಯಾರು ಬರೆದರೋ ಗೊತ್ತಿಲ್ಲ. ಆ ಬಗ್ಗೆ ಆಗಬೇಕಾದ್ದೆಲ್ಲ ಆಗಲೇ ಆಗಿದೆ, ನಾನು ಸಹಿ ಮಾಡಿಯೂ ಕೊಟ್ಟಿದ್ದೇನೆ. ಈಗ ಮತ್ತೆ ವಿಚಾರಣೆ ಏಕೆ?

ಫೋನ್ ಮಾಡಬೇಡಿ. ಯಂತ್ರದ ಸದ್ದಿಗೆ ನನ್ನ ಎರಡು ಕಿವಿಯೂ ಹೋಗಿವೆ. ಮನೆಯಲ್ಲಿರುವ ಫೋನು ನನ್ನ ಮಗಳದು. ಅವಳಿಗೆ ಏನೂ ತಿಳಿಸಬೇಡಿ.

ಹುಚ್ಚಯ್ಯ

*

ಕೆಸರೆ, ಮೈಸೂರು
30 ಆಗಸ್ಟ್ 2023

ಹುಚ್ಚಯ್ಯನವರಿಗೆ,

ನಿಮ್ಮ ಮನಸ್ಸು ನೋಯಿಸಿದೆ, ಕ್ಷಮಿಸಿ. ಅಷ್ಟು ವರ್ಷ ದುಡಿದ ಕಾರ್ಖಾನೆಗೆ ಬೀಗ ಬಿದ್ದಿರುವಾಗ ಅದರ ಪುಸ್ತಕ ಹಿಡಿದು ಪ್ರಶ್ನೆ ಕೇಳಿದ್ದು ತಪ್ಪಾಯಿತು. ನಾನು ಯಾವ ವಿಚಾರಣೆಗೂ ಸೇರಿದವಳಲ್ಲ. ಬರೀ ವಿದ್ಯಾರ್ಥಿನಿ. ಆ ಪುಟವನ್ನು ಬಿಟ್ಟುಬಿಡೋಣ.

ಅಕ್ಕಿಯ ಮಾತಷ್ಟೇ ಆಡುತ್ತೇನೆ. ಗಿರಣಿಯಲ್ಲಿ ಉಳಿಯುವ ನುಚ್ಚನ್ನು ತಂದು, ಕಾಸ್ಟಿಕ್ ಸೋಡಾ ಒಂದಿಷ್ಟೇ ಬೆರೆಸಿದ ನೀರಿನಲ್ಲಿ ನೆನೆಹಾಕಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಕೂತ ಬಿಳಿಯನ್ನು ಏಳೆಂಟು ಸಲ ತೊಳೆದು ಒಣಗಿಸುತ್ತೇನೆ. ಕಾಲೇಜಿನ ರುಬ್ಬುವ ಯಂತ್ರ ಕೆಟ್ಟಿರುವುದರಿಂದ ಮೊದಲ ಸಲ ಮನೆಯ ಗ್ರೈಂಡರನ್ನೇ ಬಳಸಿದೆ. ನಮ್ಮಮ್ಮ ಚಿಕ್ಕಮಾದಮ್ಮ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆಯವರು. ಬಾಗಿಲಲ್ಲಿ ನಿಂತು ನೋಡಿ, “ನುಚ್ಚು ನೆನೆಹಾಕಿ ರುಬ್ಬಿ ನೀರು ಬಸಿಯೋಕೆ ಹದಿನೇಳು ವರ್ಷ ಓದ್ಬೇಕಾಯ್ತಾ ಕಣವ್ವಾ?” ಅಂದರು.

ಕೆಲಸ ತುಂಬಾ ಚೆನ್ನಾಗಿ ನಡೆಯುತ್ತಿದೆ. ನಿಮ್ಮಿಂದ ಎರಡು ಮಾತು ತಿಳಿದರೆ ಇನ್ನೂ ಅನುಕೂಲ, ಅಷ್ಟೆ.

ಸಂಘಮಿತ್ರ

*

ತಿಪಟೂರು
9-9-2023

ಸಂಘಮಿತ್ರ ಅವರಿಗೆ,

ಮೊದಲ ಕಾಗದದಲ್ಲಿ ನಿಮ್ಮ ಹೆಸರನ್ನು ಸರಿಯಾಗಿ ನೋಡಿರಲಿಲ್ಲ. 1994 ಅನ್ನುವುದನ್ನು ಓದಿದ್ದೇ ಕಣ್ಣು ಮಂಜಾಯಿತು. ಎರಡನೆಯ ಕಾಗದದಲ್ಲಿ ಹೆಸರು ನೋಡಿದೆ. ಕೆಸರೆ ಅನ್ನುವುದನ್ನೂ ನೋಡಿದೆ. ನಮ್ಮವರ ಹುಡುಗಿ ಅನ್ನಿಸಿ ಧೈರ್ಯ ಬಂತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾವು ನಾಲ್ಕು ಜನ ಕೆಸರೆಯಲ್ಲೇ ಒಂದು ರೂಮಿನಲ್ಲಿದ್ದೆವು. ಅಲ್ಲಿಂದ ಕಾರ್ಖಾನೆಗೆ ಎರಡು ಸೈಕಲ್ಲಿನಲ್ಲಿ ನಾಲ್ವರೂ ಹೋಗುತ್ತಿದ್ದೆವು.

ನಿಮ್ಮ ತಾಯಿಯವರ ಮಾತು ಓದಿ ಜೋರಾಗಿ ನಕ್ಕುಬಿಟ್ಟೆ. ನನಗೆ ಕೇಳಿಸುವುದಿಲ್ಲವಲ್ಲ, ಎಷ್ಟು ಜೋರು ಎಂದು ತಿಳಿಯುವುದಿಲ್ಲ. ಅಂಗನವಾಡಿಯಿಂದ ಆಗಷ್ಟೇ ಬಂದಿದ್ದ ಮಗಳು ಮಂಗಳಮ್ಮ ಗಾಬರಿಯಿಂದ ಓಡಿಬಂದಳು. ಗಂಡ ಮಕ್ಕಳ ಜೊತೆ ಅವಳು ನನ್ನನ್ನು ಚೆನ್ನಾಗಿಯೇ ಇಟ್ಟುಕೊಂಡಿದ್ದಾಳೆ. ಆದರೆ ಇಲ್ಲಿ ಯಾರಿಗೂ ನನ್ನ ಕೆಲಸ ಗೊತ್ತಿಲ್ಲ. “ಅಪ್ಪ ಮಾತ್ರೆ ಫ್ಯಾಕ್ಟರೀಲಿದ್ರು” ಅನ್ನುತ್ತಾಳೆ, ಅಷ್ಟೆ.

ಒಂದು ಅನುಮಾನ. ಕೆಲಸ ತುಂಬಾ ಚೆನ್ನಾಗಿ ನಡೆಯುತ್ತಿದ್ದರೆ ಎಪ್ಪತ್ತರ ಹತ್ತಿರದ ಕಿವುಡನನ್ನು ಹುಡುಕಿಕೊಂಡು ಯಾರೂ ಕಾಗದ ಬರೆಯುವುದಿಲ್ಲ. ನಿಮ್ಮ ಹತ್ತು ಮಾತ್ರೆ ಕಳಿಸಿ. ಮಾತ್ರೆ ಸುಳ್ಳು ಹೇಳುವುದಿಲ್ಲ.

ಹುಚ್ಚಯ್ಯ

*

ಮೈಸೂರು
20 ಸೆಪ್ಟೆಂಬರ್ 2023

ಹುಚ್ಚಯ್ಯನವರಿಗೆ,

ಲಕೋಟೆಯಲ್ಲಿ ಹತ್ತು ಮಾತ್ರೆ ಇಟ್ಟಿದ್ದೇನೆ. ರಾಜಮುಡಿಯ ಸ್ಟಾರ್ಚಿನವು. ಒಳಗಿರುವುದು ಪ್ಯಾರಾಸಿಟಮಾಲ್. ಪ್ರಯೋಗದವು, ದಯವಿಟ್ಟು ನುಂಗಬೇಡಿ. ಎಲ್ಲವೂ ಚೆನ್ನಾಗಿ ಬಂದಿವೆ. ನಮ್ಮ ಮಾರ್ಗದರ್ಶಕರಾದ ಯೋಗೇಂದ್ರ ಸರ್ ಕೂಡ ಖುಷಿಯಾಗಿದ್ದಾರೆ.

ಸಂಘಮಿತ್ರ

*

ತಿಪಟೂರು
29-9-2023

ಸಂಘಮಿತ್ರಾ,

ಹತ್ತು ಮಾತ್ರೆ ಅಂದೆ. ನನಗೆ ತಲುಪಿದ್ದು ಎರಡು ಮಾತ್ರೆ, ಹದಿನಾರು ಹೋಳು, ಒಂದು ಚಮಚ ಪುಡಿ. ಅಂಚೆ ಇಲಾಖೆಯವರೇ ನಿನ್ನ ಪರೀಕ್ಷೆ ಮಾಡಿ ಫಲಿತಾಂಶ ಕಳಿಸಿದ್ದಾರೆ. ಇನ್ನು ಮೇಲೆ ನಿನ್ನನ್ನು ನೀನು ಎಂದೇ ಕರೆಯುತ್ತೇನೆ. ಸುಳ್ಳು ಹೇಳುವ ಮಕ್ಕಳಿಗೆ ಬಹುವಚನ ಹಾಕಿ ನನಗೆ ಅಭ್ಯಾಸವಿಲ್ಲ.

ಮಾತ್ರೆ ಎರಡು ಹೋಳಾಗಿ ತಲೆ ಹಾರಿದರೆ ನಾವು ಟೊಪ್ಪಿ ಕಳಚಿತು ಅನ್ನುತ್ತಿದ್ದೆವು. ಅದಕ್ಕೆ ನೂರು ಕಾರಣ. ಕೇಳಿದ್ದಕ್ಕೆ ನೇರವಾಗಿ ಉತ್ತರ ಬರೆ. ಗಂಜಿ ಕಾಯಿಸಿದಾಗ ಯಾವ ಬಣ್ಣವಿತ್ತು? ಕಾವು ಎಷ್ಟಕ್ಕೆ ನಿಲ್ಲಿಸಿದೆ? ಒದ್ದೆ ಹಿಟ್ಟನ್ನು ಜರಡಿಯಲ್ಲಿ ಉಜ್ಜಿ ತೆಗೆದ ರವೆಯನ್ನು ಎಷ್ಟು ಹೊತ್ತು ಒಣಗಿಸಿದೆ? ಕೈಯಲ್ಲಿ ಹಿಡಿದು ನೋಡಿದೆಯೋ, ಇಲ್ಲವೋ?

ಹತ್ತು ಮಾತ್ರೆಯನ್ನು ಎಷ್ಟರಲ್ಲಿ ಆರಿಸಿ ಕಳಿಸಿದೆ ಎಂಬುದನ್ನೂ ಬರೆ.

ಹುಚ್ಚಯ್ಯ

*

ಕೆಸರೆ, ಮೈಸೂರು
6 ಅಕ್ಟೋಬರ್ 2023

ತಾತ,

ಇನ್ನೂರ ನಲವತ್ತರಲ್ಲಿ ಆರಿಸಿದ ಹತ್ತು ಅವು.

ನಿಮ್ಮ ಕಾಗದ ಓದಿ ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಯಾವುದೂ ಚೆನ್ನಾಗಿಲ್ಲ. ಮೂರು ತಳಿಯದೂ ಒಂದೇ ಕಥೆ. ಯಂತ್ರದಿಂದ ಹೊರಬರುವಾಗಲೇ ಕೆಲವು ತಲೆ ಕಳಚುತ್ತವೆ. ಉಳಿದವನ್ನು, ಸವೆತ ನೋಡಲು ಉರುಳಿಸುವ ಡಬ್ಬಿಗೆ ಹಾಕಿದರೆ ಪುಡಿ. ಹೋಲಿಸಿ ನೋಡಲು ಮಾಡಿದ ಮೆಕ್ಕೆಜೋಳದ ಮಾತ್ರೆ ಮಾತ್ರ ಗಟ್ಟಿಯಾಗಿ ಕೂತಿದೆ. ನನ್ನ ಜೊತೆಯವರು “ಏನಮ್ಮಾ, ಅನ್ನದ ಮಾತ್ರೆಗೆ ಸಾರು ಬೇಕಾ?” ಎಂದು ಕೇಳುತ್ತಾರೆ. ತಮಾಷೆಗೇ ಕೇಳುವುದು. ಆದರೂ.

ಯೋಗೇಂದ್ರ ಸರ್ ಒಳ್ಳೆಯವರು. ಹೋದ ಸೋಮವಾರ ಕರೆದು, “ನೋಡಮ್ಮ, ನವೆಂಬರ್ ಮೂವತ್ತರೊಳಗೆ ಒಂದಾದರೂ ಪಾಸಾಗೋ ಬ್ಯಾಚ್ ಕಾಣಿಸಬೇಕು. ಇಲ್ದಿದ್ರೆ ವಿಷಯ ಬದಲಾಯಿಸ್ಬುಡು. ನಿನ್ನ ಒಂದು ವರ್ಷ ಹಾಳಾಗೋದು ನನಗಿಷ್ಟ ಇಲ್ಲ” ಅಂದರು. ಅಮ್ಮನಿಗೆ ಇದನ್ನು ಹೇಳಿಲ್ಲ. ಅವರು ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ “ನನ್ನ ಮಗಳು ಅಕ್ಕೀಲಿ ಔಷಧಿ ಮಾಡ್ತಾವ್ಳೆ” ಎಂದು ಹೇಳಿಕೊಂಡು ಓಡಾಡುತ್ತಿದ್ದಾರೆ.

ನಿಮ್ಮ ಪ್ರಶ್ನೆಗಳಿಗೆ: ಗಂಜಿ ಹಾಲಿನ ಬಣ್ಣಕ್ಕಿತ್ತು. ಪುಸ್ತಕದಲ್ಲಿ ಮೆಕ್ಕೆಜೋಳಕ್ಕೆ ಹೇಳಿದಂತೆ ಎಪ್ಪತ್ತು ಡಿಗ್ರಿಗೆ ನಿಲ್ಲಿಸಿದೆ. ರವೆಯನ್ನು ಒಣಗಿಸುವ ಪೆಟ್ಟಿಗೆಯಲ್ಲಿ ಇಡೀ ದಿನ ಬಿಟ್ಟಿದ್ದೆ, ಚೆನ್ನಾಗಿ ಒಣಗಲಿ ಎಂದು. ಕೈಯಲ್ಲಿ ಹಿಡಿದು ನೋಡಲಿಲ್ಲ. ಕೈಗವಸು ಹಾಕಿದ್ದೆ.

ಸುಳ್ಳು ಬರೆದದ್ದಕ್ಕೆ ಕ್ಷಮಿಸಿ. ಸೋತವಳ ಕಾಗದಕ್ಕೆ ನೀವು ಉತ್ತರ ಕೊಡುವುದಿಲ್ಲವೇನೋ ಎಂದು ಹೆದರಿದ್ದೆ.

ಸಂಘಮಿತ್ರ

*

ತಿಪಟೂರು
14-10-2023

ಮಗಳೇ,

ನೀನು ನಿಜ ಬರೆದೆ. ನಾನೂ ಬರೆಯಬೇಕು. ಮೊದಲು ಕೆಲಸ, ಆಮೇಲೆ ಕಥೆ.

ನಿನ್ನ ಗಂಜಿ ಬೆಂದಿಲ್ಲ. ಮೆಕ್ಕೆಜೋಳ ಬೇಗ ಬೇಯುತ್ತದೆ, ಅಕ್ಕಿಗೆ ಹೆಚ್ಚು ಕಾವು ಬೇಕು. ಎಪ್ಪತ್ತಕ್ಕೆ ನಿಲ್ಲಿಸಿದರೆ ಅದು ಬಿಸಿ ನೀರಿನಲ್ಲಿ ಕದಡಿದ ಹಿಟ್ಟು, ಗಂಜಿಯಲ್ಲ. ಅಂಟು ಎಲ್ಲಿಂದ ಬರಬೇಕು? ಸ್ಟಾರ್ಚನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡು. ಅದನ್ನು ಕುದಿಯುವ ನೀರಿಗೆ ಸಣ್ಣ ಧಾರೆಯಾಗಿ ಬಿಡು, ಒಂದೇ ಸಮ ತಿರುಗಿಸು. ಹಾಲಿನ ಬಿಳುಪು ಪೂರಾ ಹೋಗಬೇಕು. ಬೆಂದ ಸಾಬೂದಾನಿಯ ಹಾಗೆ ಕಾಣಬೇಕು. ಸೌಟು ಎತ್ತಿದರೆ ಧಾರೆ ತುಂಡಾಗದೆ ಇಳಿಯಬೇಕು. ಡಿಗ್ರಿಯನ್ನು ಆಮೇಲೆ ಬರೆದುಕೋ, ಮೊದಲು ಕಣ್ಣಿಂದ ನೋಡು.

ರವೆಯನ್ನು ಸುಟ್ಟ ಮರಳಿನಂತೆ ಒಣಗಿಸಿದ್ದೀಯ. ತೇವ ಕೊಂಚ ಉಳಿಯದಿದ್ದರೆ ಒತ್ತಿದಾಗ ಒಂದಕ್ಕೊಂದು ಹಿಡಿಯುವುದಿಲ್ಲ, ಟೊಪ್ಪಿ ಹಾರುತ್ತದೆ. ಕೈ ತೊಳೆದು ಒರೆಸಿಕೊಂಡು ಒಂದು ಹಿಡಿ ತಗೋ. ಬೆರಳ ಸಂದಿಯಿಂದ ಸಲೀಸಾಗಿ ಜಾರಬೇಕು, ಅಂಗೈಗೆ ಮಾತ್ರ ಒಂದಿಷ್ಟು ತಂಪು ತಗಲಬೇಕು. ಆಗ ನಿಲ್ಲಿಸು. ಮುಟ್ಟಿದ ಹಿಡಿಯನ್ನು ಎಸೆದುಬಿಡು, ಉಳಿದದ್ದಕ್ಕೆ ಸೇರಿಸಬೇಡ.

ಈಗ ಆ ಪುಟ. ನೆನಪಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ನೆನಪಿಲ್ಲದ ದಿನವೇ ಇಲ್ಲ.

ಆ ವರ್ಷ ಲಾರಿ ಮುಷ್ಕರವಾಗಿ ಎಂಟು ದಿನ ಮೆಕ್ಕೆಜೋಳ ಬರಲಿಲ್ಲ. ನಮ್ಮ ವಿಭಾಗದ ಸಾಹೇಬರು ಕರೆದು, “ಹುಚ್ಚಯ್ಯ, ಅಕ್ಕೀದು ಒಂದು ಮೂಟೆ ಇದೆ. ಪರೀಕ್ಷೆಗೆ ಅಂತ ಒಂದು ಚಿಕ್ಕ ಬ್ಯಾಚ್ ಮಾಡೋಣ, ಆಗುತ್ತಾ?” ಅಂದರು. ಆಗುತ್ತೆ ಸಾರ್ ಅಂದೆ. ಎರಡು ಸಲ ಕೆಟ್ಟಿತು. ಮೂರನೆಯ ಸಲ ಬಂತು. ಎಂಥಾ ಮಾತ್ರೆ ಅಂತೀಯ! ನೀರಿಗೆ ಹಾಕಿದರೆ ಹೂವಿನ ಹಾಗೆ ಬಿಚ್ಚಿಕೊಂಡಿತು. ಸಾಹೇಬರು ನನ್ನ ಬೆನ್ನು ತಟ್ಟಿದರು. ಒಂದು ವಾರ ಕಳೆದು ದೊಡ್ಡ ಆಫೀಸಿನಿಂದ ಕಾಗದ ಬಂತು, ಅನುಮತಿ ಇಲ್ಲದೆ ಬೇರೆ ಮಾಲು ಬಳಸಿದ್ದು ಯಾರು ಎಂದು. ಮೂಟೆ ಗುರುತಿಸುವಾಗ ನಾನೇ ತಪ್ಪಿದೆ ಎಂದು ಸಾಹೇಬರು ನನ್ನಿಂದ ಬರೆಸಿದರು. “ಸಹಿ ಹಾಕ್ಬುಡು ಹುಚ್ಚಯ್ಯ, ನಿಂಗೇನೂ ಆಗದ ಹಂಗೆ ನಾನು ನೋಡ್ಕತೀನಿ.” ಹಾಕಿದೆ. ಮಾತ್ರೆಗಳನ್ನೆಲ್ಲ ಕರಗಿಸಿ ಚೆಲ್ಲಿದರು. ಬರಬೇಕಿದ್ದ ಬಡ್ತಿ ನಿಂತಿತು. ನಿವೃತ್ತಿಯಾಗುವವರೆಗೂ ನಾನು ಗಂಜಿಯವನೇ. ಕ್ಯಾಂಟೀನಿನಲ್ಲಿ ಹೆಸರು ಬಂತು, ಮೂಟೆ ಓದಲು ಬಾರದ ಹುಚ್ಚಯ್ಯ ಎಂದು. ಏಳನೇ ಕ್ಲಾಸಿನಲ್ಲಿ ಇಡೀ ಹೋಬಳಿಗೆ ಮೊದಲು ಬಂದಿದ್ದೆ ನಾನು.

ಹೆಂಡತಿಗೆ ಹೇಳಲಿಲ್ಲ. ಅವಳು ಹೋಗಿ ಆರು ವರ್ಷವಾಯಿತು. ಮಂಗಳಾಗೂ ಹೇಳಿಲ್ಲ. ಅಪ್ಪ ತಪ್ಪು ಮಾಡಿದವನು ಎಂದು ಅವಳ ಮನಸ್ಸಿಗೆ ಬಂದರೆ ನನಗೆ ತಡೆಯುವುದಿಲ್ಲ.

ಇಷ್ಟೇ. ಗಂಜಿ ಕಾಯಿಸು.

ಹುಚ್ಚಯ್ಯ

*

ಮೈಸೂರು
23 ನವೆಂಬರ್ 2023

ತಾತ, ಬಂತು! ಬಂತು!

ಐದು ವಾರ ನಿಮಗೆ ಬರೆಯಲಿಲ್ಲ. ಪೆನ್ನು ಹಿಡಿದಾಗಲೆಲ್ಲ, ಖಾಲಿ ಕೈಯಲ್ಲಿ ಬರೆಯಬಾರದು, ಮಾತ್ರೆಯ ಜೊತೆಗೇ ಬರೆಯಬೇಕು ಅನ್ನಿಸಿತು. ನೀವು ಅಷ್ಟು ದೊಡ್ಡ ಮಾತು ಬರೆದಿದ್ದಿರಿ. ಅದಕ್ಕೆ ಪದದಲ್ಲಿ ಉತ್ತರ ಕೊಡಲು ನನಗೆ ಬರಲಿಲ್ಲ.

ಮೊದಲ ವಾರ ಗಂಜಿ ಗಂಟಾಯಿತು. ಎರಡನೆಯ ವಾರ ತಳ ಹಿಡಿಯಿತು. ಆಗ ಅಮ್ಮನನ್ನೇ ಕರೆದುಕೊಂಡು ಹೋದೆ. ಅವರು ಗಾಜಿನ ಬೀಕರಿನ ಮುಂದೆ ಸೆರಗು ಸಿಕ್ಕಿಸಿಕೊಂಡು ನಿಂತರು. ನಾನು ನಿಮ್ಮ ಕಾಗದ ಓದಿ ಹೇಳಿದೆ. “ಸಾಬೂದಾನಿ ಹಂಗೆ ಅಂದವ್ರಲ್ಲ, ಆ ಯಜಮಾನ್ರಿಗೆ ಗೊತ್ತದೆ ಕಣವ್ವಾ. ಇನ್ನೊಸಿ ತಡಿ. ಇನ್ನೊಸಿ. ಹಾಂ, ಈಗ ಇಳ್ಸು” ಅಂದರು. ಥರ್ಮಾಮೀಟರ್ ನೋಡಿದರೆ ಎಂಬತ್ತೆರಡು! ಒಣಗಿಸುವ ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತು ಹತ್ತು ನಿಮಿಷಕ್ಕೊಮ್ಮೆ ಹಿಡಿ ತೆಗೆದು ನೋಡಿದೆ. ಒಂದು ಸಲ ಅಂಗೈಗೆ ತಂಪು ತಗಲಿತು. ಅದೇ ಎಂದು ನನಗೆ ಹೇಗೆ ಗೊತ್ತಾಯಿತೋ, ಗೊತ್ತಾಯಿತು.

ಇನ್ನೂರು ಮಾತ್ರೆ ಒತ್ತಿದೆ. ಒಂದೂ ಟೊಪ್ಪಿ ಕಳಚಲಿಲ್ಲ. ಡಬ್ಬಿಯಲ್ಲಿ ನೂರು ಸುತ್ತು ಉರುಳಿಸಿದರೆ ಸವೆದದ್ದು ಶೇಕಡಾ 0.5 ಕೂಡ ಇಲ್ಲ, ಮೆಕ್ಕೆಜೋಳಕ್ಕಿಂತ ಕಡಿಮೆ. ನೀರಿನಲ್ಲಿ ಒಡೆಯಲು ಮೆಕ್ಕೆಜೋಳಕ್ಕೆ ಏಳು ನಿಮಿಷ ಬೇಕಾದರೆ ನಮ್ಮದಕ್ಕೆ ನಾಲ್ಕು ನಿಮಿಷ ಹತ್ತು ಸೆಕೆಂಡ್. ನಿಮ್ಮ ಪುಟದಲ್ಲಿದ್ದ ಅದೇ ನಾಲ್ಕು!

ಇನ್ನೊಂದು ಸೋಜಿಗ. ಹೆಸರುವಾಸಿಯಾದ ರಾಜಮುಡಿಯೇ ಗೆಲ್ಲುತ್ತದೆ ಎಂದು ನಾನಂದುಕೊಂಡಿದ್ದೆ. ಮೂರೂ ಪಾಸಾದವು. ಆದರೆ ಮುಂದೆ ನಿಂತದ್ದು ಜಯ, ಯಾರೂ ಹೆಸರು ಹೇಳಿ ಕೇಳದ, ಗಿರಣಿಯವರು ಕೋಳಿಗೆ ಹಾಕುವ ನುಚ್ಚು. ಯೋಗೇಂದ್ರ ಸರ್ ಮಾತ್ರೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಕನ್ನಡಕ ತೆಗೆದು, ಮತ್ತೆ ಒತ್ತಿದರು. “ಇದನ್ನ ಹೇಳಿಕೊಟ್ಟೋರು ಯಾರಮ್ಮ?” ಅಂದರು. ನಿಮ್ಮ ಹೆಸರು ಹೇಳಿದೆ.

ಮತ್ತೊಂದು ಮಾತು. ಅಕ್ಕಿಯ ಸ್ಟಾರ್ಚ್ ಸರ್ಕಾರದ ಔಷಧ ಸಂಹಿತೆಯಲ್ಲಿ ಒಪ್ಪಿತವಾದ ವಸ್ತು. ಅನುಮತಿ ಪಡೆಯಬೇಕಾದದ್ದು ಸಾಹೇಬರ ಕೆಲಸವಾಗಿತ್ತು. ನೀವು ಮಾಡಿದ್ದು ಒಳ್ಳೆಯ ಮಾತ್ರೆ. ತಪ್ಪು ಎಂಬುದೇ ಅದರಲ್ಲಿ ಇರಲಿಲ್ಲ.

ಈ ಸಲ ಹತ್ತು ಮಾತ್ರೆಗಳನ್ನು ಆರಿಸದೆ ಕಳಿಸಿದ್ದೇನೆ.

ನಿಮ್ಮ ಸಂಘಮಿತ್ರ

*

ತಿಪಟೂರು
4-12-2023

ಮಗಳೇ,

ಹತ್ತಕ್ಕೆ ಹತ್ತೂ ಇಡಿಯಾಗಿ ಬಂದವು. ಒಂದನ್ನು ತಾರಸಿಯಿಂದ ಕೆಳಗೆ ಬೀಳಿಸಿದೆ. ಅಂಚು ಕೂಡ ಮುಕ್ಕಾಗಲಿಲ್ಲ. ಒಂದನ್ನು ನೀರಿನ ಲೋಟಕ್ಕೆ ಹಾಕಿ ಎದುರಿಗೇ ಕೂತೆ. ಬಿಚ್ಚಿಕೊಂಡಿತು. ಮಗಳು ತಂದಿಟ್ಟ ಕಾಫಿ ಅಷ್ಟರಲ್ಲಿ ಆರಿಹೋಗಿತ್ತು.

ನಿನ್ನ ಕೊನೆಯ ಪ್ಯಾರಾವನ್ನು ಬಹಳ ಸಲ ಓದಿದ್ದೇನೆ.

ಆದರೆ ಹಿಗ್ಗಬೇಡ. ಒಂದು ಲೋಟ ಗಂಜಿ ಯಾರು ಬೇಕಾದರೂ ಕಾಯಿಸುತ್ತಾರೆ. ಐವತ್ತು ಲೀಟರ್ ಕಾಯಿಸಿದಾಗ ಅದರ ಬುದ್ಧಿ ಬೇರೆ. ನಿನ್ನ ತಾಯಿಯವರಿಗೆ ನನ್ನ ನಮಸ್ಕಾರ.

ಹುಚ್ಚಯ್ಯ

*

ಮೈಸೂರು
19 ಫೆಬ್ರವರಿ 2024

ತಾತ,

ಐವತ್ತು ಲೀಟರ್ ಕಾಯಿಸುವ ದಿನ ಬಂದಿದೆ. ಇಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಮಾತ್ರೆ ಘಟಕವಿದೆ. ಅದರ ಮ್ಯಾನೇಜರ್ ಶಿವಕುಮಾರ್ ಅವರು ಯೋಗೇಂದ್ರ ಸರ್ ಅವರ ಹಳೆಯ ವಿದ್ಯಾರ್ಥಿ. ನಮ್ಮ ಅಂಕಿಅಂಶ ನೋಡಿ, ಅನುಮತಿ ಕಾಗದಗಳನ್ನೆಲ್ಲ ಮುಗಿಸಿ, ಮಾರ್ಚ್ ಆರರಂದು ಒಂದು ಪ್ರಯೋಗದ ಬ್ಯಾಚ್ ಮಾಡಲು ಒಪ್ಪಿದ್ದಾರೆ. ಒಂದೇ ಒಂದು ಅವಕಾಶ. ಕೆಟ್ಟರೆ ಇನ್ನು ಅಕ್ಕಿಯ ಮಾತೆತ್ತಬೇಡಿ ಎಂದು ನಗುತ್ತಲೇ ಹೇಳಿದ್ದಾರೆ. ಅವರಲ್ಲಿ ಈಗ ರೆಡಿಮೇಡ್ ಅಂಟು ಬಳಸುತ್ತಾರೆ. ಕೈಯಾರೆ ಗಂಜಿ ಕಾಯಿಸಿದವರು ಒಬ್ಬರೂ ಇಲ್ಲ.

ನೀವು ಬರಬೇಕು. ನೀವು ಬೇಡವೆಂದಿದ್ದರೂ, ಕಾರ್ಮಿಕರ ಸಂಘದವರಿಂದ ನಂಬರ್ ಪಡೆದು ಬಸ್ಸಿನ ವಿಚಾರಕ್ಕಾಗಿ ಮಂಗಳಮ್ಮ ಅಕ್ಕನಿಗೆ ಫೋನ್ ಮಾಡಿದ್ದೆ. ಕಾಲೇಜಿನವರು ನಿಮ್ಮನ್ನು ಕರೆಯುತ್ತಿದ್ದಾರೆ ಎಂದಷ್ಟೇ ಹೇಳಿದ್ದೇನೆ. ಹಳೆಯ ವಿಷಯ ಒಂದಕ್ಷರವೂ ಹೇಳಿಲ್ಲ.

ಸಂಘಮಿತ್ರ

*

ತಿಪಟೂರು
26-2-2024

ಮಗಳೇ,

ಬರಲಾಗುವುದಿಲ್ಲ. ಕಾಲು ನೋವು. ಎಲ್ಲವನ್ನೂ ಬರೆದು ಕಳಿಸುತ್ತೇನೆ, ಹಾಗೇ ಮಾಡಿ.

ಹುಚ್ಚಯ್ಯ

*

ಮೈಸೂರು
28 ಫೆಬ್ರವರಿ 2024

ತಾತ,

ಕಾಲು ನೋವಿಗೆ ಬಸ್‌ಸ್ಟ್ಯಾಂಡಿನಿಂದ ಆಟೋ ಮಾಡಿದ್ದೇನೆ. ಇನ್ನೊಂದು ನೋವಿಗೆ ನೀವೇ ಬರಬೇಕು. ಅಲ್ಲಿ ಯಾರೂ ನಿಮ್ಮಿಂದ ಸಹಿ ಕೇಳುವುದಿಲ್ಲ. ಬ್ಯಾಚ್ ಕೆಟ್ಟರೆ ನನ್ನ ಹೆಸರಿಗೆ ಕೆಡುತ್ತದೆ. ಹಾಗೆಂದು ಮೊದಲೇ ಬರೆದುಕೊಟ್ಟಿದ್ದೇನೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೇನೆ, ತಡವಾಯಿತು ಎನ್ನಬೇಡಿ.

ನಿಮ್ಮ ಮಗಳು

*

ಕೆಸರೆ, ಮೈಸೂರು
8 ಮಾರ್ಚ್ 2024

ತಾತ,

ನೀವು ಊರು ತಲುಪಿದ್ದೀರಿ ಎಂದು ಅಕ್ಕ ಮೆಸೇಜ್ ಮಾಡಿದರು. ಮೊನ್ನೆ ಘಟಕದಲ್ಲಿ ನಿಮ್ಮ ಸುತ್ತಮುತ್ತ ಜನ ಏನೇನು ಮಾತಾಡಿದರು ಎಂಬುದು ನಿಮಗೆ ಕೇಳಿಸಲಿಲ್ಲವಲ್ಲ, ಅದನ್ನೆಲ್ಲ ಬರೆಯಲು ಕೂತಿದ್ದೇನೆ. ಒಂದನ್ನೂ ಬಿಡುವುದಿಲ್ಲ.

ನೀವು ತಲೆಗೆ ಬಿಳಿ ಟೋಪಿ ಹಾಕಿಕೊಂಡು ಬಿಳಿ ಕೋಟಿನಲ್ಲಿ ಒಳಗೆ ಬಂದಾಗ, ಗಂಜಿ ಕಡಾಯಿಯ ಹತ್ತಿರವಿದ್ದ ಅಲ್ಲಿಯ ಕೆಲಸಗಾರ ಸುನಿಲ್ ಪಕ್ಕದವನಿಗೆ, “ಇವ್ರು ಯಾರೋ ಇನ್ಸ್‌ಪೆಕ್ಟ್ರು ಇರ್ಬೇಕು, ನೆಟ್ಟಗೆ ನಿಂತ್ಕೊ” ಅಂದ. ನೀವು ಕಡಾಯಿಯ ಹೊರಗೋಡೆಯನ್ನು ಮೇಲಿಂದ ಕೆಳಗೆ ಅಂಗೈಯಲ್ಲಿ ಸವರಿದಿರಿ. “ಅಯ್ಯೋ, ಇನ್ಸ್‌ಪೆಕ್ಟ್ರಲ್ಲ, ಕೆಲಸದೋರು” ಅಂದ. ಆ ದನಿಯಲ್ಲಿದ್ದ ಗೌರವವನ್ನು ಕಾಗದದಲ್ಲಿ ಬರೆಯಲು ಬರುವುದಿಲ್ಲ.

ಥರ್ಮಾಮೀಟರ್ ಎಂಬತ್ತೆರಡು ತೋರಿಸಿದಾಗ ಶಿವಕುಮಾರ್ ಸರ್ “ಆಯ್ತು, ಇಳಿಸಿ” ಅಂದರು. ನೀವು ಕೈ ಅಡ್ಡ ಹಿಡಿದು ಬೇಡ ಎಂದು ತಲೆಯಾಡಿಸಿದಿರಿ. ಅವರು, “ಸಂಘಮಿತ್ರಾ, ನಿಮ್ಮ ರಿಪೋರ್ಟಿನಲ್ಲೇ ಎಂಬತ್ತೆರಡು ಅಂತಿದೆ. ಹೆಚ್ಚು ಬೆಂದ್ರೆ ಎಲ್ಲ ಹಾಳು. ಅವ್ರಿಗೆ ಹೇಳಿ” ಅಂದರು. ನನ್ನ ರಿಪೋರ್ಟು ಒಂದು ಕಡೆ, ನೀವು ಒಂದು ಕಡೆ. ನೀವು ಸೌಟನ್ನು ಕಡಾಯಿಯ ಮಧ್ಯಕ್ಕೆ ಇಳಿಸಿ ಎತ್ತಿ ನನಗೆ ತೋರಿಸಿದಿರಿ. ಅಂಚಿನಲ್ಲಿ ತಿಳಿಯಾಗಿದ್ದ ಗಂಜಿ ನಡುವೆ ಇನ್ನೂ ಹಾಲಿನ ಹಾಗಿತ್ತು. ಥರ್ಮಾಮೀಟರ್ ಇದ್ದದ್ದು ಅಂಚಿನಲ್ಲಿ. ನಾನು, “ಸರ್, ಅವರು ಹೇಳುವವರೆಗೂ ಇಳಿಸುವುದಿಲ್ಲ” ಅಂದೆ. ಇಷ್ಟು ಗಟ್ಟಿಯಾಗಿ ನಾನು ಯಾರೊಂದಿಗೂ ಮಾತಾಡಿದವಳಲ್ಲ. ಅವರು ವಾಚು ನೋಡಿಕೊಂಡರು. ಯೋಗೇಂದ್ರ ಸರ್ ಮೆಲ್ಲಗೆ “ಬಿಡಯ್ಯಾ” ಅಂದರು. ಆರು ನಿಮಿಷ. ಆಮೇಲೆ ನೀವು ಸರಿ ಎಂದು ತಲೆಯಾಡಿಸಿದಿರಿ.

ಮಧ್ಯಾಹ್ನ ಯಂತ್ರ ಓಡತೊಡಗಿತು. ನೀವು ಯಂತ್ರದ ಮೈಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ನಿಂತಿದ್ದಿರಿ. ಸುನಿಲ್ “ಏನ್ ನೋಡ್ತಾವ್ರೆ?” ಎಂದು ಕೇಳಿದ. ನಿಮ್ಮ ಜೊತೆ ಬಂದಿದ್ದ ಮಂಗಳಮ್ಮ ಅಕ್ಕ, “ನಮ್ಮಪ್ಪ ಕೇಳಿಸ್ಕೊತಾವ್ರೆ” ಅಂದರು. ಹೇಳಿ ಅವರಿಗೇ ಆಶ್ಚರ್ಯವಾದಂತೆ ನಿಮ್ಮ ಕಡೆ ನೋಡಿದರು.

ಒಂದು ಲಕ್ಷ ಎಂಬತ್ತು ಸಾವಿರ ಮಾತ್ರೆ. ಕೊನೆಗೆ ಆರು ಗಾಜಿನ ಕೊಳವೆಗಳಲ್ಲಿ ಆರು ಮಾತ್ರೆ ಹಾಕಿ ನೀರಿಗೆ ಇಳಿಸಿದಾಗ ಇಡೀ ಘಟಕವೇ ಮೇಜಿನ ಸುತ್ತ ನೆರೆದಿತ್ತು. ಶಿವಕುಮಾರ್ ಸರ್ ಜೋರಾಗಿ ಎಣಿಸುತ್ತಿದ್ದರು. ಮೂರು ನಿಮಿಷ ಐವತ್ತಕ್ಕೆ ಆರನೆಯ ಕೊಳವೆ ಖಾಲಿಯಾಯಿತು. ಆಮೇಲೆ ಸುನಿಲ್ ಸಿಳ್ಳೆ ಹೊಡೆದ. ಚಪ್ಪಾಳೆ ನೀವು ನೋಡಿದಿರಿ. ಸಿಳ್ಳೆ ಕೇಳಿಸಿರಲಿಕ್ಕಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶಿವಕುಮಾರ್ ಸರ್ ನಿಮ್ಮ ಕೈ ಹಿಡಿದುಕೊಂಡು ಹೇಳಿದ್ದು ಇದು: “ಯಜಮಾನ್ರೆ, ಆರು ನಿಮಿಷ ನಾನು ಕಾದಿರ್ಲಿಲ್ಲ ಅಂದಿದ್ರೆ ನನ್ನಂಥ ದಡ್ಡ ಇನ್ನೊಬ್ಬ ಇರ್ತಿರ್ಲಿಲ್ಲ.” ಮುಂದಿನ ಮೂರು ಬ್ಯಾಚುಗಳನ್ನೂ ಜಯದ ಸ್ಟಾರ್ಚಿನಲ್ಲೇ ಮಾಡಿ, ಆರು ತಿಂಗಳು ಇಟ್ಟು ನೋಡಿ, ಕೆಡದಿದ್ದರೆ ಅದನ್ನೇ ಬಳಸುತ್ತಾರಂತೆ. ಏಪ್ರಿಲಿನಲ್ಲಿ ಹದಿನೈದು ದಿನ ಬಂದು ಸುನಿಲನಿಗೂ ಇನ್ನಿಬ್ಬರಿಗೂ ಕೆಲಸ ಕಲಿಸಿಕೊಡಬೇಕೆಂದು ನಿಮ್ಮನ್ನು ಕೇಳಿದ್ದಾರೆ. ಉಳಿದುಕೊಳ್ಳುವುದು ನಮ್ಮ ಮನೆಯಲ್ಲೇ ಎಂದು ಅಮ್ಮ ಆಗಲೇ ತೀರ್ಮಾನಿಸಿದ್ದಾರೆ.

ನೀವು ಹೊರಟಾಗ ಏನೋ ಹೇಳಲು ಬಾಯಿ ತೆರೆದು ಆಟೋ ಹತ್ತಿಬಿಟ್ಟಿರಿ. ಏನದು?

ಸಂಘಮಿತ್ರ

*

ತಿಪಟೂರು
17-3-2024

ಮಗಳೇ,

ನಿನ್ನ ಕಾಗದವನ್ನು ಮಂಗಳಾ ಓದಿದಳು, ಅಳಿಯ ಓದಿದ, ಆಮೇಲೆ ನನಗೆ ಸಿಕ್ಕಿತು.

ಅವತ್ತು ಹೇಳಲು ಹೊರಟದ್ದು ಇಷ್ಟೇ. ನೀನು ನನ್ನ ಪಕ್ಕ ನಿಂತೆ. ಆ ಶಿವಕುಮಾರ್ ಏನಂದರೋ ಕೇಳಿಸಲಿಲ್ಲ, ಆದರೆ ನಿನ್ನ ಮುಖ ನೋಡಿದೆ. ತೊಂಬತ್ನಾಲ್ಕರಲ್ಲಿ ಹಾಗೆ ಯಾರಾದರೂ ಒಬ್ಬರು ನಿಂತಿದ್ದರೆ ಅನ್ನಿಸಿತು. ಅಷ್ಟು ಜನರ ಮುಂದೆ ಹೇಳಲಾಗದೆ ಆಟೋ ಹತ್ತಿಬಿಟ್ಟೆ.

ಬಸ್ಸಿನಲ್ಲಿ ಏನಾಯಿತು ಎಂಬುದನ್ನು ಮಂಗಳಾ ನಿನಗೆ ಹೇಳಿರುವುದಿಲ್ಲ, ಅವಳಿಗೆ ನಾಚಿಕೆ. ನಾನು ಹೇಳುತ್ತೇನೆ.

ಮೈಸೂರು ಬಿಟ್ಟು ಅರ್ಧ ಗಂಟೆಯಾಗಿತ್ತು. ತೀರಾ ಹತ್ತಿರದಿಂದ ಕೂಗಿದರೆ ಒಂದಿಷ್ಟು ಕೇಳಿಸುವ ನನ್ನ ಎಡಕಿವಿಗೆ ಮಂಗಳಾ ಬಾಯಿ ತಂದು, “ಅಪ್ಪ, ಇಷ್ಟೆಲ್ಲ ಗೊತ್ತಿದ್ದೂ ನಿಂಗ್ಯಾಕೆ ಯಾವತ್ತೂ ಪ್ರಮೋಷನ್ ಕೊಡ್ಲಿಲ್ಲ?” ಅಂದಳು. ಒಂದು ವರ್ಷದ ಹಿಂದಾಗಿದ್ದರೆ ಕೇಳಿಸಲಿಲ್ಲ ಎಂದುಬಿಡುತ್ತಿದ್ದೆ. ಅವತ್ತು ಎಲ್ಲ ಹೇಳಿದೆ. ಲಾರಿ ಮುಷ್ಕರ, ಮೂಟೆ, ಸಾಹೇಬರು, ಸಹಿ, ಕ್ಯಾಂಟೀನಿನವರು ಇಟ್ಟ ಹೆಸರು, ಒಂದೂ ಬಿಡದೆ. ನಾನು ಮೆಲ್ಲಗೇ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ.

ಕೆ.ಆರ್. ಪೇಟೆ ಹತ್ತಿರ ಬರುವಾಗ ತಲೆಯೆತ್ತಿ ನೋಡುತ್ತೇನೆ, ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿದೆ. ಮುಂದಿನ ಸೀಟಿನವರೆಲ್ಲ ಕತ್ತು ಹೊರಳಿಸಿ ಕೂತಿದ್ದಾರೆ. ಕಂಡಕ್ಟರು ಟಿಕೆಟ್ ಯಂತ್ರ ಕಂಕುಳಲ್ಲಿ ಇಟ್ಟುಕೊಂಡು ಕಂಬಕ್ಕೆ ಒರಗಿ ನಿಂತುಬಿಟ್ಟಿದ್ದಾನೆ. ಮಂಗಳಾ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದಾಳೆ. ಅವಮಾನಕ್ಕೆ ಅಳುತ್ತಿದ್ದಾಳೆ ಅಂದುಕೊಂಡೆ. ಕೈ ತೆಗೆದಾಗ ನೋಡಿದರೆ ಕಣ್ಣು ಕೆಂಪು, ಸಿಟ್ಟು. “ಆ ಸಾಹೇಬ ಇನ್ನೂ ಬದುಕವ್ನಾ? ಎಲ್ಲವ್ನೆ ಹೇಳು” ಅಂತ ಅವಳ ತುಟಿ ಹೇಳುತ್ತಿದೆ. ಅವನು ಹೋಗಿ ಹತ್ತು ವರ್ಷವಾಯಿತು ಬಿಡಮ್ಮ ಅಂದೆ.

ಹಿಂದಿನ ಸೀಟಿನಿಂದ ಒಬ್ಬ ಅಜ್ಜಿ ಎದ್ದು ಬಂದು ನನ್ನ ಭುಜ ಮುಟ್ಟಿ ಏನೋ ಕೇಳಿತು. ನನಗೆ ತಿಳಿಯಲಿಲ್ಲ. ಕಂಡಕ್ಟರು ಟಿಕೆಟ್ಟಿನ ಹಿಂದೆ ಬರೆದು ಕೊಟ್ಟ: “ಆಮೇಲೆ ಏನಾಯ್ತು ಅಂತ ಕೇಳ್ತಾವ್ರೆ. ನಾವೆಲ್ಲರೂ ಕೇಳ್ತಾ ಇದೀವಿ.”

ಎದ್ದು ನಿಂತೆ, ಮಗಳೇ. ಬಸ್ಸು ಓಲಾಡುತ್ತಿತ್ತು. ಮಂಗಳಾ ಒಂದು ಕೈಯಲ್ಲಿ ನನ್ನ ಸೊಂಟ ಹಿಡಿದುಕೊಂಡಳು. ಮೈಸೂರಿನ ಕೆಸರೆಯಲ್ಲಿ ಸಂಘಮಿತ್ರ ಅಂತ ಒಂದು ಹೆಣ್ಣುಮಗಳಿದ್ದಾಳೆ ಎಂದು ಶುರುಮಾಡಿದೆ. ಕಿಕ್ಕೇರಿ ದಾಟಿದರೂ ಮುಗಿದಿರಲಿಲ್ಲ. ಆರು ಕೊಳವೆಗೆ ಆರು ಮಾತ್ರೆ ಇಳಿಸಿದ ಜಾಗಕ್ಕೆ ಬರುವಷ್ಟರಲ್ಲಿ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡ್ ಬಂತು. ಅಲ್ಲಿ ಇಳಿಯಬೇಕಾದವರು ಇಳಿಯಲಿಲ್ಲ. ಡ್ರೈವರು ಎಂಜಿನ್ ಆರಿಸಿ, ಸೀಟಿನಲ್ಲಿ ಪೂರಾ ಹಿಂದಕ್ಕೆ ತಿರುಗಿ ಕೂತು, ಮುಂದೆ ಹೇಳಿ ಎಂದು ಕೈ ಬೀಸಿದ.

ಹೇಳಿದೆ.

ಹುಚ್ಚಯ್ಯ